ಫ್ಯಾನಿ ಕೆಂಬಲ್ ಬರೆದಿಟ್ಟ ಒಂಬತ್ತು ಹೆಂಗಸರ ಲೆಕ್ಕ

ವಾರ್ಡ್ ಸಿಸ್ಟರ್ (ಹುಬ್ಬಳ್ಳಿ) · ಸೋಮವಾರ ರಾತ್ರಿ

ಹೆರಿಗೆ ವಾರ್ಡಿನಲ್ಲೇ ನೌಕರಿ ಸವೆಸಿ ನಿವೃತ್ತಳಾದವಳು ನಾನು. ಪುಸ್ತಕ ಹಿಡಿದು ಕೂರಲು ಪುರುಸೊತ್ತು ಸಿಕ್ಕಿದ್ದೇ ಆಮೇಲೆ. ಹೋದ ತಿಂಗಳು ಫ್ಯಾನಿ ಕೆಂಬಲ್ ಎಂಬ ಇಂಗ್ಲಿಷ್ ನಟಿಯ ಜಾರ್ಜಿಯಾ ದಿನಚರಿ ಓದಿದೆ. ಒಂದು ಪುಟಕ್ಕೆ ಬಂದು ನಿಂತವಳು ಇನ್ನೂ ಮುಂದೆ ಹೋಗಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆಕೆ ಯಾರೆಂದು ತಿಳಿಯದವರಿಗೆ ಎರಡು ಮಾತು. ಹುಟ್ಟಿದ್ದು ಲಂಡನ್ನಿನಲ್ಲಿ, 1809ರಲ್ಲಿ. ಮನೆತನವೇ ನಾಟಕದವರದು. 1832ರಲ್ಲಿ ಅಪ್ಪನ ಜೊತೆ ನಾಟಕವಾಡಲು ಅಮೆರಿಕಕ್ಕೆ ಹೋದಳು. 1834ರಲ್ಲಿ ಫಿಲಡೆಲ್ಫಿಯಾದ ಪಿಯರ್ಸ್ ಬಟ್ಲರ್ ಎಂಬುವನನ್ನು ಮದುವೆಯಾಗಿ ರಂಗ ಬಿಟ್ಟಳು. ಎರಡು ವರ್ಷದ ನಂತರ ಆ ಬಟ್ಲರ್‌ಗೂ ಅವನ ಅಣ್ಣನಿಗೂ ತಾತನ ಆಸ್ತಿ ಬಂತು. ಜಾರ್ಜಿಯಾದ ಕರಾವಳಿಯಲ್ಲಿ ಆಲ್ಟಮಹಾ ನದಿಯ ದ್ವೀಪವೊಂದರಲ್ಲಿ ಭತ್ತದ ಗದ್ದೆ, ಪಕ್ಕದ ಸೇಂಟ್ ಸೈಮನ್ಸ್ ದ್ವೀಪದಲ್ಲಿ ಹತ್ತಿ ಹೊಲ. ಅವುಗಳ ಜೊತೆಗೆ ಏಳುನೂರರಷ್ಟು ಗುಲಾಮರು. 1838ರ ಡಿಸೆಂಬರಿನಲ್ಲಿ ಗಂಡ, ಎರಡು ಪುಟ್ಟ ಹೆಣ್ಣುಮಕ್ಕಳು, ಮಕ್ಕಳನ್ನು ನೋಡಿಕೊಳ್ಳುವ ಐರಿಷ್ ದಾದಿಯ ಜೊತೆ ಫ್ಯಾನಿ ಅಲ್ಲಿಗೆ ಹೋದಳು. ಇದ್ದದ್ದು ಮುಂದಿನ ವಸಂತದವರೆಗೆ, ನಾಲ್ಕು ತಿಂಗಳಷ್ಟೇ.

ಈಗ ಆ ಪುಟದ ವಿಷಯ. ಸೇಂಟ್ ಸೈಮನ್ಸಿನಲ್ಲಿದ್ದಾಗ ಆಕೆ ಒಂದು ಪುಸ್ತಕ ಇಟ್ಟಿದ್ದಳು. ಅವತ್ತು ಯಾರು ಬಂದರು, ಏನು ಕೇಳಿದರು, ಏನು ಕಾಯಿಲೆ ಅಂತ ಅದರಲ್ಲಿ ಚುಟುಕಾಗಿ ಬರೆಯುತ್ತಿದ್ದಳು. ಒಂದು ದಿನದ ಆ ದಾಖಲೆಯನ್ನು ಹಾಗೇ ಪತ್ರಕ್ಕೆ ಇಳಿಸಿದ್ದಾಳೆ. ಒಂಬತ್ತು ಹೆಂಗಸರು. ಓದುತ್ತಾ ನನ್ನ ಕೈ ತಾನಾಗಿ ಪೆನ್ಸಿಲ್ ತೆಗೆದುಕೊಂಡಿತು. ನಾವು ವಾರ್ಡಿನಲ್ಲಿ ಕೇಸ್ ಶೀಟಿನ ಮೇಲೆ ಜಿ-ಪಿ-ಎಲ್-ಎ ಅಂತ ಬರೆಯುತ್ತೇವೆ: ಎಷ್ಟು ಸಲ ಬಸಿರು, ಎಷ್ಟು ಹೆರಿಗೆ, ಬದುಕಿರುವ ಮಕ್ಕಳೆಷ್ಟು, ಇಳಿದುಹೋದದ್ದೆಷ್ಟು. ಅದೇ ಲೆಕ್ಕವನ್ನು ಪುಟದ ಅಂಚಿನಲ್ಲಿ ಹಾಕುತ್ತಾ ಹೋದೆ.

ಫ್ಯಾನಿ, ಇವಳು ಬರೆಯುತ್ತಿದ್ದವಳ ಹೆಸರಿನವಳೇ. ಆರು ಹೆತ್ತಳು, ಉಳಿದದ್ದು ಒಂದು. ನಾನಿ, ಮೂರರಲ್ಲಿ ಎರಡು ಹೋದವು. ಲಿಯಾ, ಆರರಲ್ಲಿ ಮೂರು. ಸೋಫಿ, ಹತ್ತರಲ್ಲಿ ಐದು. ಸ್ಯಾಲಿ, ಮೂರರಲ್ಲಿ ಒಂದು ಹೋಯಿತು, ಅದಲ್ಲದೆ ಎರಡು ಗರ್ಭಪಾತ. ಷಾರ್ಲಟ್‌ಗೆ ಎರಡು ಗರ್ಭಪಾತ, ಈಗ ಮತ್ತೆ ಬಸಿರಿ, ವಾತದಿಂದ ಮೊಣಕಾಲು ಊದಿಕೊಂಡಿವೆ. ಸಾರಾಗೆ ನಾಲ್ಕು ಗರ್ಭಪಾತ, ಏಳು ಹೆರಿಗೆ, ಐದು ಸತ್ತು ಎರಡು ಉಳಿದಿವೆ, ಅವಳೂ ಮತ್ತೆ ಬಸಿರಿ. ಸೂಕಿಗೆ ನಾಲ್ಕು ಗರ್ಭಪಾತ, ಹನ್ನೊಂದು ಹೆರಿಗೆ, ಐದು ಸಾವು. ಕೊನೆಯವಳು ಮಾಲಿ, ಒಂಬತ್ತರಲ್ಲಿ ಮೂರು ಹೋದವು. ಬದುಕಿ ಉಳಿದಿರುವವು ಆರು. ಅವಳ ಹೆಸರಿನ ಮುಂದೆ ಫ್ಯಾನಿ ಬರೆದಿರುವುದೇನೆಂದರೆ, ನಾನು ಇಲ್ಲಿಯವರೆಗೆ ಕೇಳಿದವುಗಳಲ್ಲಿ ಇವಳ ಸಂಗತಿಯೇ ಎಷ್ಟೋ ವಾಸಿ ಅಂತ.

ಕೂಡಿಸಿದೆ. 55 ಮಕ್ಕಳು. 29 ಸಾವು. 12 ಗರ್ಭಪಾತ. ಎಲ್ಲರೂ ದಿನವಿಡೀ ಹೊಲದಲ್ಲಿ ಕೆಲಸ ಮಾಡಿ, ಆಮೇಲೆ ಆಕೆಯ ಮನೆಗೆ ನಡೆದು ಬಂದವರು.

ಇವರಲ್ಲಿ ನಾನಿ ಬಂದದ್ದು ಒಂದು ಕಟ್ಟಳೆ ಬದಲಿಸಿ ಅಂತ ಬೇಡಿಕೊಳ್ಳಲು. ಹೆತ್ತ ಮೂರೇ ವಾರಕ್ಕೆ ಬಾಣಂತಿಯನ್ನು ಹೊಲಕ್ಕೆ ಕಳಿಸುವ ಕಟ್ಟಳೆ ಅದು. ನಮ್ಮಲ್ಲಿ ಬಾಣಂತಿಗೆ ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಮೂರು ತಿಂಗಳು ಗಾಳಿ ಸೋಕದ ಹಾಗೆ ನೋಡಿಕೊಳ್ಳುತ್ತಾರೆ. ಎಲ್ಲರಿಗೂ ಆ ಭಾಗ್ಯ ಇಲ್ಲ ಅನ್ನುವುದೂ ನನಗೆ ಗೊತ್ತು. ಹೆತ್ತ ಹತ್ತು ದಿನಕ್ಕೆ ಕಲ್ಲು ಕ್ವಾರಿಗೆ ವಾಪಸ್ ಹೋದವಳನ್ನು ರಕ್ತಸ್ರಾವದ ಸ್ಥಿತಿಯಲ್ಲಿ ನಾನೇ ದಾಖಲು ಮಾಡಿಕೊಂಡಿದ್ದೇನೆ. ಆದ್ದರಿಂದ ಮೂರು ವಾರ ಅಂದರೆ ಏನು ಅಂತ ಯಾರೂ ನನಗೆ ವಿವರಿಸಬೇಕಾಗಿಲ್ಲ. ಗರ್ಭಕೋಶ ಇನ್ನೂ ಮೊದಲಿನ ಗಾತ್ರಕ್ಕೆ ಇಳಿದಿರುವುದಿಲ್ಲ. ಸೊಂಟದಲ್ಲಿ ಬಿಡದ ನೋವು ಅಂತ ಸ್ಯಾಲಿ ಹೇಳುತ್ತಾಳೆ. ಕೆಲಸ ಮಾಡಿದಾಗ ಹೊಟ್ಟೆಯೊಳಗೆ ಏನೋ ಊದಿಕೊಳ್ಳುತ್ತದೆ ಅಂತ ಸಾರಾ ಹೇಳುತ್ತಾಳೆ. ಇಂಥವರ ಕೈ ಹಿಡಿದು ನಾನು ಕೂತಿದ್ದೇನೆ.

ಯಾರಾದರೂ ಈ ಪುಸ್ತಕ ಓದಿದ್ದೀರಾ?

ಎರೆಹೊಲ (ಗದಗ) · ಸೋಮವಾರ ರಾತ್ರಿ

ಅಕ್ಕಾರ, ಪುಸ್ತಕ ಓದಿಲ್ಲ. ಆದ್ರ ಹತ್ತಿ ಹೊಲ ಗೊತ್ತೈತಿ. ನಮ್ಮದು ಎರಿಭೂಮಿ, ಅಜ್ಜನ ಕಾಲದಿಂದ ಹತ್ತಿ ಬಿತ್ತತೀವಿ. ಹತ್ತಿ ಬಿಡಸೋ ಮುಂದ ನಮ್ಮ ಅವ್ವ ಮಡಿಲಿಗೆ ಸೀರಿ ಸೆರಗು ಕಟ್ಟಿಕೊಂಡು ಬಗ್ಗಿದಾಕಿ ಸಾಲು ಮುಗಿಯೋತನಕ ನೆಟ್ಟಗ ನಿಲ್ತಿರಲಿಲ್ಲ. ರಾತ್ರಿ ಗೋಡಿಗೆ ಬೆನ್ನು ಒತ್ತಿಕೊಂಡು ಕುಂದರತಿದ್ಲು. ಬಸರಿ ಹೆಣ್ಣಮಗಳು ಆ ಕೆಲಸ ಮಾಡಬಾರದು ಅಂತ ಊರಾಗ ಎಲ್ಲಾರಿಗೂ ಗೊತ್ತಿರತೈತಿ. ಒಂದು ಕೇಳತೀನಿ. ಅಲ್ಲಿ ಮಾಲಕನಿಗೆ ಆಳು ಅಂದ್ರ ರೊಕ್ಕ ಕೊಟ್ಟು ತಂದ ಮಾಲು. ನಾವು ಎತ್ತು ಈದರೂ ಎಮ್ಮಿ ಈದರೂ ನಾಲ್ಕು ದಿನ ಚಲೋ ನೋಡಿಕೊಳ್ತೀವಿ. ಎತ್ತು ಈಯೂದಿಲ್ಲ, ಆಕಳ ಅನ್ನಬೇಕಿತ್ತು, ಸಿಟ್ಟಿನ್ಯಾಗ ಬರದೆ. ಅಷ್ಟಾದರೂ ಯಾಕ ನೋಡಲಿಲ್ಲ?

ವಾರ್ಡ್ ಸಿಸ್ಟರ್ · ಮಂಗಳವಾರ ಬೆಳಿಗ್ಗೆ

ತಮ್ಮಾ, ನೀನು ಕೇಳಿದ್ದು ಸರಿಯಾದ ಪ್ರಶ್ನೆ. 1808ರಿಂದ ಆಫ್ರಿಕದಿಂದ ಹೊಸ ಗುಲಾಮರನ್ನು ಹಡಗಿನಲ್ಲಿ ತರುವುದಕ್ಕೆ ಅಮೆರಿಕದ ಕಾನೂನು ನಿಷೇಧ ಹಾಕಿತ್ತು. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ಅಪ್ಪ ಯಾರಾದರೂ ಸರಿ. ಅಂದರೆ ಆಸ್ತಿ ಬೆಳೆಯಬೇಕಾದದ್ದು ಈ ಹೆಂಗಸರ ಹೊಟ್ಟೆಯಿಂದಲೇ. ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು. ಕೂಸನ್ನು ಎತ್ತಿ ಫ್ಯಾನಿಗೆ ತೋರಿಸಿ, ನೋಡಿ ಅಮ್ಮಾವ್ರೆ, ನಿಮಗೂ ಧಣಿಗೂ ಇನ್ನೊಂದು ಆಳು ಅಂತ ಅವರೇ ಹೇಳುತ್ತಿದ್ದರಂತೆ. ಹೆರಿಗೆ ಮೇಜಿನ ಹತ್ತಿರ ನಿಂತು ಸಾವಿರಾರು ತಾಯಂದಿರ ಮೊದಲ ಮಾತು ಕೇಳಿದ್ದೇನೆ. ಮುಖ ಯಾರ ಹಾಗಿದೆ, ಉಸಿರಾಡುತ್ತಾ, ಬೆರಳು ಸರಿ ಇವೆಯಾ ಅಂತಾರೆ. ಧಣಿಗೆ ಒಂದು ಆಳು ಅನ್ನುವ ಮಾತು ತಾಯಿಯ ಬಾಯಲ್ಲಿ ಬರಬೇಕಾದರೆ ಅವಳಿಗೆ ಏನೇನಾಗಿರಬೇಕು. ಆ ವಾಕ್ಯ ಓದಿ ಎದ್ದು ಅಡುಗೆಮನೆಗೆ ಹೋಗಿ ನಿಂತುಬಿಟ್ಟೆ.

ಆದರೂ ನೋಡಿಕೊಳ್ಳಲಿಲ್ಲ. ಆಸ್ಪತ್ರೆ ಅಂತ ಒಂದಿತ್ತು, ಎರಡಂತಸ್ತಿನ ಕಟ್ಟಡ. ಅರ್ಧ ಕಿಟಕಿಗೆ ಗಾಜು, ಉಳಿದವಕ್ಕೆ ಹಲಗೆ. ಚಳಿಗೆ ಹಲಗೆ ಮುಚ್ಚಿದರೆ ಒಳಗೆ ಕತ್ತಲೆ. ಹೆರಿಗೆ ನೋವಿನವರು, ಸತ್ತ ಕೂಸು ಹೆತ್ತವರು, ಜ್ವರದವರು, ಎಲ್ಲರೂ ನೆಲದ ಮೇಲೆ ಹರಕು ಕಂಬಳಿಯಲ್ಲಿ ಒತ್ತೊತ್ತಾಗಿ ಬಿದ್ದಿದ್ದರು. ಫ್ಯಾನಿ ಮೊದಲ ದಿನ ಒಳಗೆ ಹೋದವಳೇ ಬೆಂಕಿ ಹೊತ್ತಿಸಲು, ಕಸ ಗುಡಿಸಲು ಕೂತಳು. ಕೂಸನ್ನು ತೊಳೆದು ತಂದ ಪುಟ್ಟ ಹುಡುಗಿಯರಿಗೆ ಒಂದೊಂದು ಕಾಸು ಕೊಡುತ್ತೇನೆ ಅಂದಳು. ಇದನ್ನು ಓದುವಾಗ ಮಾತ್ರ ಆಕೆ ನನ್ನ ವಾರ್ಡಿಗೆ ಹೊಸದಾಗಿ ಬಂದ ತರಬೇತಿ ಹುಡುಗಿಯ ಹಾಗೆ ಕಂಡಳು. ಎಲ್ಲಿಂದ ಶುರು ಮಾಡಬೇಕು ತಿಳಿಯದೆ ಪೊರಕೆ ಹಿಡಿಯುತ್ತಾರಲ್ಲ, ಹಾಗೆ.

ಪಡುಬಿದ್ರಿ ಓದುಗ · ಮಂಗಳವಾರ ಮಧ್ಯಾಹ್ನ

ಅಕ್ಕ, ನಿಮ್ಮ ಬರಹಕ್ಕೆ ಗೌರವವಿಟ್ಟೇ ಹೇಳುತ್ತೇನೆ. ಈ ಪುಸ್ತಕವನ್ನು ನಾನು ಎಂ.ಎ.ಯಲ್ಲಿ ಓದಿದ್ದೇನೆ. ಫ್ಯಾನಿ ಕೆಂಬಲ್‌ಳನ್ನು ದೇವತೆ ಮಾಡುವುದಕ್ಕೆ ನನ್ನ ವಿರೋಧವಿದೆ. ಆಕೆ ಉಂಡದ್ದು ಅದೇ ಗದ್ದೆಯ ಅನ್ನ. ಅದೇ ಪುಸ್ತಕದಲ್ಲಿ ಕಪ್ಪು ಜನರ ಮುಖ, ಮೈವಾಸನೆಯ ಬಗ್ಗೆ ಆಕೆ ಬರೆದಿರುವ ಕೆಲವು ಮಾತುಗಳನ್ನು ಇವತ್ತು ಓದಲು ಹೇಸಿಗೆಯಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಬರೆದದ್ದು 1839ರಲ್ಲಿ, ಅಚ್ಚಾದದ್ದು 1863ರಲ್ಲಿ. ಇಪ್ಪತ್ನಾಲ್ಕು ವರ್ಷ ಪೆಟ್ಟಿಗೆಯಲ್ಲಿತ್ತು. ಅಷ್ಟರಲ್ಲಿ, 1859ರ ಮಾರ್ಚ್ 2 ಮತ್ತು 3ರಂದು, ಅದೇ ಬಟ್ಲರ್ ಸಾಲ ತೀರಿಸಲು ತನ್ನ ಪಾಲಿನ 436 ಜನರನ್ನು ಸವಾನಾ ಪಟ್ಟಣದ ಹತ್ತಿರ ಕುದುರೆ ರೇಸಿನ ಮೈದಾನದಲ್ಲಿ ಹರಾಜಿಗಿಟ್ಟ. 429 ಜನ ಮಾರಾಟವಾದರು. ಸಿಕ್ಕಿದ್ದು 3,03,850 ಡಾಲರ್. ಆಕೆ ಬರೆದಿಟ್ಟುಕೊಂಡಿದ್ದ ಹೆಸರುಗಳ ಮನೆಯವರೇ ಆ ಸಾಲಿನಲ್ಲಿ ನಿಂತಿದ್ದರು. ಪೆಟ್ಟಿಗೆಯಲ್ಲಿದ್ದ ಪುಸ್ತಕದಿಂದ ಅವರಿಗೆ ಆದದ್ದೇನು?

ರಂಗದ ಹುಡುಗಿ (ಮೈಸೂರು) · ಮಂಗಳವಾರ ಸಂಜೆ

ಸರ್, ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇತ್ತು ಅಂತಲೂ ನೋಡಬೇಕಲ್ಲವೇ.

ನಾನು ಫ್ಯಾನಿಯನ್ನು ಹಿಡಿದದ್ದು ನಾಟಕದ ಕಡೆಯಿಂದ. ಅಪ್ಪ ಚಾರ್ಲ್ಸ್ ಕೆಂಬಲ್ ಲಂಡನ್ನಿನ ಕಾವೆಂಟ್ ಗಾರ್ಡನ್ ರಂಗಮಂದಿರ ನಡೆಸುತ್ತಿದ್ದ. ಸಾಲದಲ್ಲಿ ಮುಳುಗಿ ಜಪ್ತಿಗೆ ಬಂದಿತ್ತು. ಹತ್ತೊಂಬತ್ತು ವರ್ಷದ ಮಗಳನ್ನು 1829ರ ಅಕ್ಟೋಬರಿನಲ್ಲಿ ಜೂಲಿಯೆಟ್ ಪಾತ್ರದಲ್ಲಿ ರಂಗಕ್ಕೆ ಹತ್ತಿಸಿದರು. ಅವಳಿಗೆ ಧೈರ್ಯಕ್ಕೆ ಅಂತ ಅಮ್ಮ ಎಷ್ಟೋ ವರ್ಷದ ಮೇಲೆ ಬಣ್ಣ ಹಚ್ಚಿ ಜೂಲಿಯೆಟ್ಟಿನ ತಾಯಿಯಾದಳು, ಅಪ್ಪ ಮರ್ಕ್ಯುಶಿಯೋ ಆದ. ಒಂದೇ ರಾತ್ರಿಯಲ್ಲಿ ಹುಡುಗಿ ಗೆದ್ದಳು, ಮಂದಿರ ಉಳಿಯಿತು. ನಮ್ಮ ಕಂಪನಿ ನಾಟಕದ ಮನೆಗಳಲ್ಲಿ ಬೆಳೆದವರಿಗೆ ಈ ಕಥೆ ಹೊಸದೇನಲ್ಲ. ಕಂಪನಿ ಸಾಲಕ್ಕೆ ಬಿದ್ದಾಗ ಮನೆಯ ಹುಡುಗಿಯ ಮುಖಕ್ಕೆ ಬಣ್ಣ ಬೀಳುತ್ತದೆ. ಆಕೆಗೆ ನಾಟಕದ ಪಠ್ಯದ ಮೇಲೆ ಪ್ರಾಣ, ವೇಷ ಹಾಕಿ ಜನರ ಮುಂದೆ ನಿಲ್ಲುವುದು ಮಾತ್ರ ಜೀವನಪೂರ್ತಿ ಒಗ್ಗಲಿಲ್ಲ.

ಮದುವೆಯಾದ ಮೇಲೆ ಅಂದಿನ ಕಾನೂನಿನ ಪ್ರಕಾರ ಹೆಂಡತಿಯ ಗಳಿಕೆ ಗಂಡನದು, ಮಕ್ಕಳು ಗಂಡನವರು. ದಿನಚರಿಯನ್ನು ಅಚ್ಚು ಹಾಕಿಸು ಅಂತ ಗುಲಾಮಗಿರಿ ವಿರೋಧಿಗಳು ಕೇಳಿದ್ದರು, ಗಂಡ ಒಪ್ಪಲಿಲ್ಲ. ಆಕೆ ಬೇರೆಯಾದಳು. 1848ರಲ್ಲಿ ಅವನು ವಿಚ್ಛೇದನಕ್ಕೆ ಹಾಕಿದ, ಮರುವರ್ಷ ಸಿಕ್ಕಿತು. ಮಕ್ಕಳು ಅಪ್ಪನ ಹತ್ತಿರ, ಅಮ್ಮನಿಗೆ ಬೇಸಿಗೆಯಲ್ಲಿ ಎರಡು ತಿಂಗಳು. ಪುಸ್ತಕ ಹೊರಗೆ ಬಂದಿದ್ದರೆ ಆ ಎರಡು ತಿಂಗಳೂ ಹೋಗುತ್ತಿದ್ದವು.

ಆಮೇಲೆ ಆಕೆ ಹೊಟ್ಟೆ ಹೊರೆದದ್ದು ಹೇಗೆ ಗೊತ್ತೇ? ಒಂದು ಮೇಜು, ಒಂದು ಪುಸ್ತಕ, ಎರಡು ದೀಪ. ಶೇಕ್ಸ್‌ಪಿಯರನ ನಾಟಕವನ್ನು ಒಬ್ಬಳೇ ಕೂತು ಪೂರ್ತಿ ಓದುವುದು, ಎಲ್ಲ ಪಾತ್ರವೂ ತನ್ನ ದನಿಯಲ್ಲೇ. ನಮ್ಮ ಗಮಕಿಗಳು ಕುಮಾರವ್ಯಾಸನನ್ನು ಓದಿ ಒಂದೇ ಕಂಠದಲ್ಲಿ ದ್ರೌಪದಿಯನ್ನೂ ಭೀಮನನ್ನೂ ನಿಲ್ಲಿಸುತ್ತಾರಲ್ಲ, ಹಾಗೆ. ಅದರ ದುಡ್ಡಿನಲ್ಲೇ ಮ್ಯಾಸಚೂಸೆಟ್ಸಿನ ಲೆನಾಕ್ಸ್ ಎಂಬ ಊರಲ್ಲಿ ತನ್ನದೇ ಮನೆ ಮಾಡಿಕೊಂಡಳು. ನನಗೆ ಆಕೆಯ ಮೇಲೆ ಪ್ರೀತಿ ಹುಟ್ಟಿದ್ದು ಇಲ್ಲಿಯೇ.

ಪಡುಬಿದ್ರಿ ಓದುಗ · ಮಂಗಳವಾರ ರಾತ್ರಿ

ಒಪ್ಪಿದೆ. ಆದರೆ ಒಂದು ಎಚ್ಚರಿಕೆ ಬೇಕು. ಆ ಕಾಲದಲ್ಲೇ ಹಲವರು ಹೆಂಡತಿಯೂ ಗುಲಾಮಳೇ ಅಂತ ಬರೆಯುತ್ತಿದ್ದರು. ಈಗಲೂ ಆ ಹೋಲಿಕೆ ಸುಲಭವಾಗಿ ಬಾಯಿಗೆ ಬರುತ್ತದೆ. ಸಾರಾಳ ಕಥೆಯ ಮುಂದಿನ ಭಾಗವನ್ನು ಅಕ್ಕ ಹೇಳಲಿಲ್ಲ, ನಾನು ಹೇಳುತ್ತೇನೆ. ಅವಳಿಗೆ ಒಮ್ಮೆ ಬುದ್ಧಿ ಕೆಟ್ಟು ಕಾಡಿಗೆ ಓಡಿಹೋಗಿದ್ದಳು. ಹುಡುಕಿ ಹಿಡಿದು ತಂದು, ತೋಳು ಕಟ್ಟಿ ತೂಗುಹಾಕಿ, ಕಾಲಿಗೆ ಮರದ ದಿಮ್ಮಿ ಬಿಗಿದು ಚಾಟಿಯಿಂದ ಹೊಡೆದರು. ಫ್ಯಾನಿ ಗಂಡನನ್ನು ಬಿಟ್ಟು ಹಡಗು ಹತ್ತಿ ಲಂಡನ್ನಿಗೆ ಹೋದಾಗ ಆಕೆಯ ಹಿಂದೆ ಯಾರೂ ನಾಯಿ ಬಿಡಲಿಲ್ಲ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು.

ವಾರ್ಡ್ ಸಿಸ್ಟರ್ · ಮಂಗಳವಾರ ರಾತ್ರಿ

ಇಡಬಾರದು. ಆ ಮಾತಿಗೆ ನನ್ನ ಪೂರ್ತಿ ಸಹಮತವಿದೆ. ಸಾರಾಳದ್ದನ್ನು ಬರೆಯಲು ನನಗೆ ಆಗಿರಲಿಲ್ಲ, ನೀವು ಬರೆದದ್ದು ಒಳ್ಳೆಯದಾಯಿತು.

ಆಕೆ ದೇವತೆ ಅಂತ ನಾನು ಹೇಳುತ್ತಿಲ್ಲ. ನನ್ನ ಮನಸ್ಸಿನಲ್ಲಿರುವುದು ಬೇರೆ. ಈ ಪುಸ್ತಕವನ್ನು ಎಲ್ಲರೂ ಫ್ಯಾನಿ ಕೆಂಬಲ್‌ಳ ಧೈರ್ಯದ ಪುಸ್ತಕ ಅನ್ನುತ್ತಾರೆ. ನನಗೆ ಅದು ನಡೆದು ಬಂದ ಹೆಂಗಸರ ಪುಸ್ತಕ. ಒಬ್ಬ ಹೊಸ ಹೆಂಗಸು ಬಂದಿದ್ದಾಳೆ, ಅವಳಿಗೂ ಮೊಲೆ ಕುಡಿಯುವ ಕೂಸಿದೆ, ಇವಳ ಕಿವಿಗೆ ಹಾಕಿದರೆ ಧಣಿಯ ಕಿವಿಗೆ ಬೀಳಬಹುದು ಅಂತ ಲೆಕ್ಕ ಹಾಕಿದವರು ಅವರು. ಹೇಳಿದ್ದಕ್ಕೆ ಪೆಟ್ಟು ಬೀಳುತ್ತದೆ ಅಂತ ಗೊತ್ತಿತ್ತು. ಹ್ಯಾರಿಯೆಟ್ ಎಂಬ ಒಬ್ಬಳು, ನಮಗೆ ಕೂಸುಗಳನ್ನು ತೊಳೆಯಲು ಹೊತ್ತೆಲ್ಲಿದೆ ಅಂತ ಫ್ಯಾನಿಗೆ ಹೇಳಿದ ತಪ್ಪಿಗೆ ಮರುದಿನವೇ ಏಟು ತಿಂದಳು. ಆದರೂ ಉಳಿದವರು ಬರುವುದನ್ನು ನಿಲ್ಲಿಸಲಿಲ್ಲ. ಒಂದು ಹಂತದಲ್ಲಿ, ಇನ್ನು ಇವರ ಅಹವಾಲುಗಳನ್ನು ನನ್ನ ಹತ್ತಿರ ತರಬೇಡ ಅಂತ ಗಂಡನೇ ಬಾಗಿಲು ಹಾಕಿದ. ಆಮೇಲೂ ಬಂದರು. ಆಕೆ ಬರೆಯುತ್ತಾಳೆ ಅಂತ ಬಂದರು, ಆಕೆ ಏನೂ ಮಾಡಲಾರಳು ಅಂತ ತಿಳಿದ ಮೇಲೂ ಬಂದರು.

ಸೈಕಿಯ ಸಂಗತಿ ಹೇಳುತ್ತೇನೆ. ಚಿಕ್ಕ ವಯಸ್ಸಿನವಳು, ಎರಡು ಮಕ್ಕಳ ತಾಯಿ. ಒಂದು ಸಂಜೆ ಹೆದರುತ್ತಾ ಬಂದು, ಅಮ್ಮಾವ್ರೆ, ನಾನು ಯಾರಿಗೆ ಸೇರಿದವಳು ಅಂತ ನಿಮಗೆ ಗೊತ್ತೇ ಅಂತ ಕೇಳಿದಳು. ಅವಳಿಗೇ ಗೊತ್ತಿರಲಿಲ್ಲ. ಅವಳನ್ನೂ ಮಕ್ಕಳನ್ನೂ ಪಾರುಪತ್ಯಗಾರ ಕೊಂಡಿದ್ದ. ಅವಳ ಗಂಡ ಜೋ ಮಾತ್ರ ಬಟ್ಲರ್‌ಗೆ ಸೇರಿದವನು. ಬಟ್ಲರ್ ಆ ಜೋನನ್ನು ಹಿಂದಿನ ಪಾರುಪತ್ಯಗಾರನಿಗೆ ಉಡುಗೊರೆ ಕೊಟ್ಟುಬಿಟ್ಟಿದ್ದ. ಅವನು ಹೊರಟಿದ್ದದ್ದು ದೂರದ ಅಲಬಾಮಾಕ್ಕೆ. ಮರುದಿನ ಫ್ಯಾನಿ ಕೋಣೆಯೊಳಗೆ ಕಾಲಿಟ್ಟಾಗ ಜೋ ಬಟ್ಲರ್ ಮುಂದೆ ನಿಂತು ಬಿಕ್ಕುತ್ತಿದ್ದ. ಟೋಪಿಯನ್ನು ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಾ, ಹೆಂಡತಿ ಮಕ್ಕಳನ್ನು, ಮುದಿ ಅಪ್ಪ ಅಮ್ಮನನ್ನು ಬಿಟ್ಟು ಹೋಗಲಾರೆ, ಕಳಿಸಿದರೆ ಜೀವ ತೆಗೆದುಕೊಳ್ಳುತ್ತೇನೆ ಅಂತ ಹೇಳಿ ಆ ಟೋಪಿಯನ್ನು ನೆಲಕ್ಕೆ ಅಪ್ಪಳಿಸಿದ. ಬಟ್ಲರ್ ಮೇಜಿಗೆ ಒರಗಿ, ಕೈ ಕಟ್ಟಿಕೊಂಡು, ಆಗುವುದಕ್ಕೆ ಗಲಾಟೆ ಮಾಡಬೇಡ ಅಂತ ಸಮಾಧಾನ ಹೇಳುತ್ತಿದ್ದನಂತೆ. ಫ್ಯಾನಿ ಗಂಡನ ಕಾಲು ಹಿಡಿಯುವುದೊಂದು ಬಾಕಿ. ಅವನು ಉತ್ತರ ಕೊಡಲಿಲ್ಲ. ಕೊನೆಗೆ ಅವನೇ ಸೈಕಿಯನ್ನೂ ಮಕ್ಕಳನ್ನೂ ಪಾರುಪತ್ಯಗಾರನಿಂದ ಕೊಂಡ. ಸಂಸಾರ ಒಂದಾಗಿ ಉಳಿಯಿತು. ಹಾಗೆ ಉಳಿಸಿಕೊಳ್ಳಲು ಅವಳನ್ನು ಮತ್ತೊಮ್ಮೆ ಮಾರಬೇಕಾಯಿತು, ಕೊಳ್ಳಬೇಕಾಯಿತು.

ಜಾರ್ಜಿಯಾ ಕನ್ನಡಿಗ · ಬುಧವಾರ ಬೆಳಿಗ್ಗೆ

ನಾನು ಅಟ್ಲಾಂಟಾದಲ್ಲಿದ್ದೇನೆ. ಎರಡು ವರ್ಷದ ಹಿಂದೆ ಮನೆಯವರ ಜೊತೆ ಸಮುದ್ರ ತೀರಕ್ಕೆ ಹೋಗುವಾಗ ಡೇರಿಯನ್ ಊರು ದಾಟಿ ದಕ್ಷಿಣಕ್ಕೆ ಹೊರಟಿದ್ದೆವು. ಹದಿನೇಳನೇ ನಂಬರಿನ ಹೆದ್ದಾರಿಯ ಪಕ್ಕ ಒಂದು ಎತ್ತರದ ಇಟ್ಟಿಗೆ ಚಿಮಣಿ ಒಂಟಿಯಾಗಿ ನಿಂತಿದೆ. ಭತ್ತದ ಗಿರಣಿಯದು. ಅದೇ ಬಟ್ಲರ್ ದ್ವೀಪ. ಆಗ ನನಗೆ ಈ ಪುಸ್ತಕದ ಬಗ್ಗೆ ತಿಳಿದಿರಲಿಲ್ಲ, ಫಲಕ ಓದಿ ಫೋಟೋ ತೆಗೆದುಕೊಂಡು ಬಂದೆ.

ನಾನು ಶಿವಮೊಗ್ಗ ಕಡೆಯ ಗದ್ದೆ ಮನೆಯವನು, ಹಾಗಾಗಿ ನೀರಿನ ವ್ಯವಸ್ಥೆ ನೋಡಲು ಕಾರು ನಿಲ್ಲಿಸಿ ಇಳಿದೆ. ಅಲ್ಲಿ ಮಳೆಯನ್ನೂ ಕೆರೆಯನ್ನೂ ನಂಬಿ ಭತ್ತ ಬೆಳೆದದ್ದಲ್ಲ. ಸಮುದ್ರದ ಉಬ್ಬರ ನದಿಯ ಸಿಹಿನೀರನ್ನು ಹಿಂದಕ್ಕೆ ತಳ್ಳಿದಾಗ ತೂಬು ಎತ್ತಿ ಗದ್ದೆಗೆ ಬಿಟ್ಟುಕೊಳ್ಳುವುದು, ಇಳಿತದಲ್ಲಿ ಹೊರಗೆ ಬಿಡುವುದು. ಅದಕ್ಕಾಗಿ ದ್ವೀಪದ ಸುತ್ತ ಏರಿ, ಒಳಗೆ ಕಾಲುವೆಯ ಬಲೆ. ಜೌಗು ಕಾಡು ಕಡಿದು, ಸೊಂಟದವರೆಗೆ ಕೆಸರಿನಲ್ಲಿ ನಿಂತು ಆ ಏರಿಯನ್ನೆಲ್ಲ ಹಾಕಿದವರು ಗುಲಾಮರು. ನಮ್ಮಲ್ಲಿ ಒಂದು ಬದು ಕಟ್ಟಲು ಎಷ್ಟು ಆಳು ಬೇಕು ಅಂತ ಬಲ್ಲವನಿಗೆ ಆ ಏರಿಯ ಉದ್ದ ನೋಡಿದರೆ ಎದೆ ಭಾರವಾಗುತ್ತದೆ. ಅವುಗಳ ಗುರುತು ಈಗಲೂ ನೆಲದಲ್ಲಿದೆ.

ಹರಾಜಿನ ಬಗ್ಗೆ ಓದುಗ ಸರ್ ಬರೆದದ್ದಕ್ಕೆ ಒಂದು ಸೇರಿಸುತ್ತೇನೆ. ಸವಾನಾದಲ್ಲಿ ಆ ಎರಡೂ ದಿನ ಮಳೆ ಬಿಡಲಿಲ್ಲ. ಅದಕ್ಕೆ ಅಲ್ಲಿಯ ಜನ ಆ ಹರಾಜನ್ನು ಅಳುವಿನ ಕಾಲ ಎಂದೇ ಕರೆಯುತ್ತಾರೆ. ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯ ವರದಿಗಾರ ಮಾರ್ಟಿಮರ್ ಥಾಮ್ಸನ್ ಕೊಳ್ಳುವವನ ವೇಷದಲ್ಲಿ ಒಳಗೆ ಹೋಗಿ ಬರೆದ ವರದಿ ಇದೆ. ಗಂಡ ಹೆಂಡತಿಯನ್ನು ಅಗಲಿಸುವುದಿಲ್ಲ ಅಂತ ಷರತ್ತು ಇತ್ತು. ಆದರೆ ಪ್ರೀತಿಸಿದವರಿಗೆ, ಬೆಳೆದ ಮಕ್ಕಳಿಗೆ, ಅಣ್ಣತಮ್ಮಂದಿರಿಗೆ ಆ ಷರತ್ತು ಇಲ್ಲ. ಜೆಫ್ರಿ, ಇಪ್ಪತ್ಮೂರರ ಹುಡುಗ, ಪಟ್ಟಿಯಲ್ಲಿ 319ನೇ ಸಂಖ್ಯೆ. ತನ್ನನ್ನು ಕೊಂಡ ಹೊಸ ಧಣಿಯ ಮುಂದೆ ಟೋಪಿ ತೆಗೆದು ನಿಂತು, 278ನೇ ಸಂಖ್ಯೆಯ ಡಾರ್ಕಸ್‌ಳನ್ನೂ ಕೊಂಡುಕೊಳ್ಳಿ, ನಾವು ಮದುವೆಯಾಗಬೇಕು ಅಂತಿದ್ದೇವೆ ಎಂದು ಬೇಡಿಕೊಂಡ. ಅವಳನ್ನು ಬೇರೆ ನಾಲ್ವರ ಜೊತೆ ಸೇರಿಸಿಯೇ ಮಾರುತ್ತಿದ್ದರು, ಧಣಿ ಬೇಡ ಅಂದ. ಎಲ್ಲ ಮುಗಿದ ಮೇಲೆ ಬಟ್ಲರ್ ಒಬ್ಬೊಬ್ಬರ ಕೈಗೂ ಒಂದೊಂದು ಡಾಲರ್ ಹಾಕಿದ, ಹೊಚ್ಚ ಹೊಸ ಕಾಲು ಡಾಲರಿನ ನಾಣ್ಯಗಳಲ್ಲಿ.

ರಂಗದ ಹುಡುಗಿ · ಬುಧವಾರ ಬೆಳಿಗ್ಗೆ

ದಿನಾಂಕ ನೋಡಿ. ಹರಾಜು 1859ರ ಮಾರ್ಚ್. ಫ್ಯಾನಿಯ ಎರಡನೇ ಮಗಳು ಹುಟ್ಟಿದ್ದು 1838ರ ಮೇ 28. ಅಂದರೆ ಅವಳಿಗೆ ಇಪ್ಪತ್ತೊಂದು ತುಂಬಿ, ಅಪ್ಪನ ಹಿಡಿತದಿಂದ ಬಿಡುಗಡೆಯಾದದ್ದು ಹರಾಜಾಗಿ ಮೂರು ತಿಂಗಳೊಳಗೆ. ನಾನು ಈವರೆಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಫ್ಯಾನಿ ಬಾಯಿ ಬಿಡಬಹುದಾದ ಹೊತ್ತಿಗೆ ಆ ಜನ ಅಲ್ಲಿರಲಿಲ್ಲ.

ಕುಮಟೆಯ ಮೊಮ್ಮಗಳು · ಬುಧವಾರ ಮಧ್ಯಾಹ್ನ

1863ರಲ್ಲೇ ಯಾಕೆ ಅಚ್ಚು ಮಾಡಿದಳು ಅನ್ನುವುದಕ್ಕೂ ನಮ್ಮ ಊರಿಗೂ ಒಂದು ಎಳೆ ಇದೆ, ಹತ್ತಿಯ ಎಳೆ.

ಅಮೆರಿಕದಲ್ಲಿ ಉತ್ತರದ ರಾಜ್ಯಗಳಿಗೂ ಗುಲಾಮಗಿರಿಯಿದ್ದ ದಕ್ಷಿಣದ ರಾಜ್ಯಗಳಿಗೂ ಅಂತರ್ಯುದ್ಧ ಶುರುವಾದದ್ದು 1861ರಲ್ಲಿ. ಉತ್ತರದವರು ದಕ್ಷಿಣದ ಬಂದರುಗಳನ್ನು ಮುಚ್ಚಿದರು. ಅಲ್ಲಿಯ ಹತ್ತಿಯನ್ನೇ ನಂಬಿದ್ದ ಲಂಕಾಶೈರಿನ ಗಿರಣಿಗಳು ನಿಂತವು, ಲಕ್ಷಾಂತರ ಕೂಲಿಗಳು ಹಸಿದರು. ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ದಕ್ಷಿಣದ ಪರ ಮಾತು ಏಳತೊಡಗಿತು. ಆಗ ಅಲ್ಲೇ ಇದ್ದ ಫ್ಯಾನಿಗೆ ಆ ಮಾತು ಕೇಳಿ ಸಹಿಸಲಾಗಲಿಲ್ಲ. ದಿನಚರಿ 1863ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ, ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಬಂತು.

ಅದೇ ವರ್ಷಗಳಲ್ಲಿ ಅಮೆರಿಕದ ಹತ್ತಿ ಇಲ್ಲದ್ದಕ್ಕೆ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಎತ್ತಿನ ಗಾಡಿಗಳಲ್ಲಿ ಹತ್ತಿಯ ಅಂಡಿಗೆಗಳು ಘಟ್ಟ ಇಳಿದು ಕುಮಟೆಗೆ ಬರುತ್ತಿದ್ದವು, ಇಲ್ಲಿಂದ ದೋಣಿಯಲ್ಲಿ ಮುಂಬಯಿಗೆ. ಘಟ್ಟದ ಮೇಲಿನ ಆ ಹತ್ತಿಗೆ ವ್ಯಾಪಾರದಲ್ಲಿ ಕುಮಟಾ ಹತ್ತಿ ಅಂತಲೇ ಹೆಸರು. ಧಾರವಾಡದಲ್ಲಿ ಅದಕ್ಕೂ ಮೊದಲೇ, 1840ರ ದಶಕದಿಂದ, ಅಮೆರಿಕದ ಬೀಜದ ಹತ್ತಿಯನ್ನೂ ಬೆಳೆಸುತ್ತಿದ್ದರು. ಯುದ್ಧ ಮುಗಿದದ್ದೇ ತಡ ಬೆಲೆ ಕುಸಿಯಿತು. ಎರೆಹೊಲದ ಅಣ್ಣ, ನಿಮ್ಮ ಹೊಲಗಳಿಗೂ ಸೇಂಟ್ ಸೈಮನ್ಸಿನ ಹೊಲಕ್ಕೂ ಕೊಳ್ಳುವವನು ಒಬ್ಬನೇ ಆಗಿದ್ದ.

ಎರೆಹೊಲ · ಬುಧವಾರ ರಾತ್ರಿ

ನಮ್ಮ ಮುತ್ತಜ್ಜನ ಕಾಲಕ್ಕ ಒಮ್ಮೆ ಹತ್ತಿ ರೊಕ್ಕದಾಗ ಮನಿ ಕಟ್ಟಿಸಿದ್ರು, ಆಮೇಲೆ ಸಾಲಕ್ಕ ಹೋತು ಅಂತ ಹೇಳ್ತಿದ್ರು. ಈ ಯುದ್ಧಾನ ಅದು ಅಂತ ಹೇಳಾಕ ಬರೂದಿಲ್ಲ. ಆದ್ರ ಇವತ್ತು ಹೊಲಕ್ಕ ಹೋದಾಗ ಅದೇ ತಲ್ಯಾಗ ಇತ್ತು.

ಒಂದು ಡೌಟ್ ಐತಿ. ಈ ಪುಸ್ತಕದಿಂದ ಇಂಗ್ಲೆಂಡ್ ದಕ್ಷಿಣದವರ ಕಡಿ ಹೋಗೂದು ತಪ್ಪಿತು ಅಂತ ಎಲ್ಲೋ ಓದಿದೆ. ಖರೇನ?

ಪಡುಬಿದ್ರಿ ಓದುಗ · ಬುಧವಾರ ರಾತ್ರಿ

ಅದು ಆಮೇಲೆ ಬೆಳೆದ ಕಥೆ, ಅಣ್ಣ. ಗುಲಾಮರ ವಿಮೋಚನೆಯ ಘೋಷಣೆ ಲಿಂಕನ್ನಿಂದ 1863ರ ಜನವರಿ 1ಕ್ಕೇ ಬಂದಿತ್ತು. ಪುಸ್ತಕ ಬಂದ ಎರಡು ತಿಂಗಳಿಗೆ ಗೆಟಿಸ್‌ಬರ್ಗ್, ವಿಕ್ಸ್‌ಬರ್ಗ್‌ಗಳಲ್ಲಿ ದಕ್ಷಿಣ ಸೋತಿತು. ಪುಸ್ತಕ ತಡವಾಗಿ ಬಂತು. ಅದನ್ನು ಯುದ್ಧ ಗೆಲ್ಲಿಸಿದ ಪುಸ್ತಕ ಅನ್ನಬೇಕಾಗಿಲ್ಲ.

ಈ ಮೂರು ದಿನ ಚರ್ಚೆ ಓದುತ್ತಾ ನನ್ನ ಹಳೆಯ ಪ್ರತಿಯನ್ನು ಮತ್ತೆ ತೆಗೆದೆ. ಎಂ.ಎ.ಯಲ್ಲಿ ಕಣ್ಣಿಗೆ ಬೀಳದ ಒಂದು ವಿಷಯ ಈಗ ಕಂಡಿತು. ಅಚ್ಚು ಮಾಡುವಾಗ ಫ್ಯಾನಿ ಮರ್ಯಾದೆಗೆ ಅಂತ ಬಿಳಿಯರ ಹೆಸರು ಮುಚ್ಚಿದ್ದಾಳೆ. ಗಂಡನ ಹೆಸರಿನ ಜಾಗದಲ್ಲಿ ಬರೀ ಒಂದು ಗೆರೆ. ಪಾರುಪತ್ಯಗಾರರಿಗೆ ಮೊದಲಕ್ಷರ, ಆಮೇಲೆ ಗೆರೆ. ಹೆಂಗಸರ ಹೆಸರು ಮಾತ್ರ ಪೂರ್ತಿ ಇವೆ. ಲಿಯಾ, ಸೋಫಿ, ಸೂಕಿ. ಧಣಿಗಳು ಗೆರೆಯಾಗಿ ಹೋಗಿದ್ದಾರೆ, ಅವರು ಹೆಸರಾಗಿ ಉಳಿದಿದ್ದಾರೆ. ಆಕೆ ಇದನ್ನು ಬೇಕೆಂದೇ ಮಾಡಿದಳು ಅನ್ನಲಾರೆ, ಗುಲಾಮರಿಗೆ ಮುಚ್ಚುವಂಥ ಮರ್ಯಾದೆ ಇದೆ ಅಂತ ಆಗ ಯಾರೂ ಎಣಿಸುತ್ತಿರಲಿಲ್ಲ. ಆದರೂ ಅಕ್ಕ ಮೊದಲೇ ಹೇಳಿದ ಮಾತು ಸರಿ. ಇದು ಅವರ ಪುಸ್ತಕ.

ವಾರ್ಡ್ ಸಿಸ್ಟರ್ · ಗುರುವಾರ ಬೆಳಿಗ್ಗೆ

ಓದುಗ ಸರ್, ಆ ಗೆರೆಗಳನ್ನು ನಾನು ಅಚ್ಚಿನ ತಪ್ಪು ಅಂದುಕೊಂಡು ದಾಟಿಬಿಟ್ಟಿದ್ದೆ.

ಆ ಒಂದು ಪುಟವನ್ನು ಕನ್ನಡಕ್ಕೆ ತರಬೇಕು ಅಂತ ಕೂತಿದ್ದೇನೆ. ನಮ್ಮ ಓಣಿಯ ಮಹಿಳಾ ಮಂಡಳದಲ್ಲಿ ಓದಬೇಕು. ಪದಕ್ಕೆ ಒದ್ದಾಡುತ್ತಿದ್ದೇನೆ. ಜೀತದವಳು ಅಂತ ಬರೆಯಲೇ, ತೊತ್ತು ಅನ್ನಲೇ, ಗುಲಾಮಳು ಅನ್ನಲೇ?

ಪಡುಬಿದ್ರಿ ಓದುಗ · ಗುರುವಾರ ಮಧ್ಯಾಹ್ನ

ಜೀತ ಬೇಡ ಅಕ್ಕ. ಜೀತದಲ್ಲಿ ಒಂದು ಸಾಲ ಇರುತ್ತದೆ, ಸುಳ್ಳೋ ನಿಜವೋ ಒಂದು ಲೆಕ್ಕ ಇರುತ್ತದೆ. 1976ರ ಕಾಯ್ದೆ ತೆಗೆದುಹಾಕಿದ್ದು ಅದನ್ನು. ಅದು ಘೋರವೇ, ಆದರೆ ಬೇರೆ. ತೊತ್ತು ಹಳೆಯ ಪದ, ವಚನಗಳಲ್ಲಿ ಬರುತ್ತದೆ, ಈಗ ಬೈಗುಳವಾಗಿಬಿಟ್ಟಿದೆ. ನಮ್ಮ ಕರಾವಳಿಯಲ್ಲಿ ಮೂಲದಾಳು ಅಂತ ಇದ್ದರು, ಭೂಮಿ ಕೈ ಬದಲಾದರೆ ಅದರ ಜೊತೆ ಅವರೂ ಹೋಗುತ್ತಿದ್ದರು. ಫ್ಯಾನಿ ಜಾರ್ಜಿಯಾದಲ್ಲಿದ್ದ ವರ್ಷ ಇಲ್ಲಿಯೂ ಅದು ಕಾನೂನಿನಲ್ಲೇ ಇತ್ತು. ಕಂಪನಿ ಸರ್ಕಾರ ಗುಲಾಮಗಿರಿಯ ಹಕ್ಕಿಗೆ ಕೋರ್ಟಿನ ಬೆಂಬಲ ತೆಗೆದದ್ದು 1843ರ ಐದನೇ ಕಾಯ್ದೆಯಲ್ಲಿ. ಆ ನಮ್ಮ ಹೆಂಗಸರ ಹೆಸರುಗಳನ್ನು ಯಾವ ನಟಿಯೂ ದಿನಚರಿಯಲ್ಲಿ ಬರೆದಿಡಲಿಲ್ಲ. ನನ್ನ ಮನೆತನ ಆ ಗದ್ದೆಗಳ ಯಾವ ಬದಿಯಲ್ಲಿತ್ತು ಅಂತ ನನಗೆ ಗೊತ್ತು, ಆದ್ದರಿಂದ ಇದನ್ನು ಬರೆಯುವಾಗ ನನ್ನ ತಲೆ ತಗ್ಗುತ್ತದೆ. ನೀವು ಗುಲಾಮ ಅಂತಲೇ ಬರೆಯಿರಿ.

ಎರೆಹೊಲ · ಗುರುವಾರ ಸಂಜೆ

ಅಕ್ಕಾರ, ಗದ್ದಿ ಅಂತ ಬರೀಬ್ಯಾಡ್ರಿ. ಅದು ಹತ್ತಿದು, ಹೊಲ ಅನ್ರಿ.

ವಾರ್ಡ್ ಸಿಸ್ಟರ್ · ಗುರುವಾರ ರಾತ್ರಿ

ಹೊಲ ಅಂತಲೇ ಹಾಕಿದ್ದೇನೆ ತಮ್ಮಾ. ಗುಲಾಮ ಅನ್ನುವ ಪದ ಮೇಲೆ ಒಂದೇ ಸಲ, ಪೀಠಿಕೆಯಲ್ಲಿ. ಕೆಳಗೆ ಬರೀ ಹೆಸರು. ಇಂಗ್ಲಿಷಿನಲ್ಲಿ ಇವಳ ಗಂಡ ಇಂಥವನು ಅಂತ ಎಷ್ಟೋ ಕಡೆ ಇದೆ, ಅದನ್ನೂ ಉಳಿಸಿಕೊಂಡಿದ್ದೇನೆ. ಅವರ ಮದುವೆಗೆ ಕಾನೂನಿನಲ್ಲಿ ಬೆಲೆ ಇರಲಿಲ್ಲ. ಸೀಸರನ ಹೆಂಡತಿ ಲಿಯಾ ಅಂತ ಅವರೇ ಹೇಳಿಕೊಂಡು ಬಂದದ್ದನ್ನು ನಾನು ಯಾಕೆ ತೆಗೆಯಲಿ.

ಎರಡನೆಯ ಸಾಲು ಹೀಗೆ ಬಂದಿದೆ, ಸರಿಯೇ ನೋಡಿ:

ನಾನಿ. ಮೂರು ಹೆತ್ತಳು, ಎರಡು ಇಲ್ಲ. ಮೂರೇ ವಾರಕ್ಕೆ ಬಾಣಂತಿಯರನ್ನು ಹೊಲಕ್ಕೆ ಅಟ್ಟಬೇಡಿ ಅಂತ ಕೇಳಲು ಬಂದಿದ್ದಳು.